ಮಗನ ಶಾಲೆ ಬದಲಿಸಬೇಡಿ, ಅತ್ತೆಯವರ ಸಂಚಿ ನೋಡಿ

ಮನೆಯಲ್ಲಿ ಯಾರೂ ಸೇದುವುದಿಲ್ಲ, ಅತ್ತೆ ಮಾತ್ರ ಎಲೆ ಅಡಿಕೆಗೆ ಚೂರು ಹೊಗೆಸೊಪ್ಪು ಸೇರಿಸುತ್ತಾರೆ, ಹದಿಮೂರು ವರ್ಷದ ಮಗ ಸಹವಾಸದೋಷದಿಂದ ತಂಬಾಕು ಕಲಿಯದಂತೆ ಶಾಲೆ ಬದಲಿಸಲೇ ಎಂದು ಕೇಳಿದ್ದೀರಿ. ಬೇಡ. ನನಗೆ ತಂಬಾಕಿನ ರುಚಿ ಹತ್ತಿಸಿದ್ದು ಯಾವ ಸಹವಾಸವೂ ಅಲ್ಲ, ನನ್ನ ಅಜ್ಜಿ. ಮನೆಯಲ್ಲಿ ನನ್ನನ್ನು ಎಲ್ಲರಿಗಿಂತ ಹೆಚ್ಚು ಮುದ್ದು ಮಾಡಿದವರೂ ಅವರೇ.

ನಮ್ಮದು ಮಂಡ್ಯ ಕಡೆಯ ಹಳ್ಳಿ. ಅಜ್ಜಿಗೆ ಹಲ್ಲುಗಳಿರಲಿಲ್ಲ, ಹಾಗಾಗಿ ಕುಟ್ಟಿ ಕೊಡುವ ಕೆಲಸ ನನ್ನದು. ಕಬ್ಬಿಣದ ಪುಟ್ಟ ಕುಟ್ಟಾಣಿಗೆ ಅಡಿಕೆ, ಸುಣ್ಣ ಸವರಿದ ಎಲೆ, ಕೊನೆಯಲ್ಲಿ ಚಿಟಿಕೆ ಕಡ್ಡಿಪುಡಿ, ಅಂದರೆ ತಂಬಾಕಿನ ಪುಡಿ, ಹಾಕಿ ನುಣ್ಣಗೆ ಕುಟ್ಟಿ ಅವರ ಅಂಗೈಗೆ ಸುರಿಯುತ್ತಿದ್ದೆ. ಅದರಲ್ಲೇ ಚೂರು ತೆಗೆದು ನನ್ನ ಬಾಯಿಗೂ ಇಡುತ್ತಿದ್ದರು. ಮೊದಲ ಸಲ ತಲೆ ಸುತ್ತಿದಾಗ ಬೆಲ್ಲದ ತುಂಡು ಕೊಟ್ಟರು. ಅಂಗಡಿಗೆ ಓಡಿ ಕಡ್ಡಿಪುಡಿ ತರುತ್ತಿದ್ದವಳೂ ನಾನೇ. ಹಲ್ಲುನೋವು ಬಂದರೆ ದವಡೆಗೆ ಅದನ್ನೇ ಒತ್ತುತ್ತಿದ್ದರು. ಮುಂದೆ ನನ್ನ ಬಾಣಂತನದಲ್ಲಿ, ಊಟದ ನಂತರ ಕೊಡುವ ವೀಳ್ಯಕ್ಕೆ ಅಮ್ಮ ಅದನ್ನೇ ಸೇರಿಸಿದರು. ಆಮೇಲೆ ಅದಿಲ್ಲದೆ ಊಟ ಮುಗಿದಂತೆಯೇ ಆಗುತ್ತಿರಲಿಲ್ಲ. ಇದೇ ಮನೆಯಲ್ಲಿ ಚಿಕ್ಕಪ್ಪ ಬೀಡಿ ಹಚ್ಚಿದ ದಿನ ಅಪ್ಪ ರಂಪ ಮಾಡಿ ಅವರನ್ನು ಜಗಲಿಯಿಂದ ಇಳಿಸಿದ್ದರು.

ಇದಕ್ಕೆ ನಾನು ತೆತ್ತ ಬೆಲೆಯನ್ನು ಬಿಡಿಸಿಯೇ ಹೇಳಬೇಕು. ಖಾರ ತಾಗಿದರೆ ಕೆನ್ನೆಯ ಒಳಗೆಲ್ಲ ಉರಿಯುತ್ತದೆಂದು ಹಲ್ಲಿನ ವೈದ್ಯರ ಬಳಿ ಹೋದೆ. ಬೀಡಿ, ಸಿಗರೇಟು, ಗುಟ್ಕಾ ಏನಾದರೂ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಸುಳ್ಳು ಹೇಳುವ ಉದ್ದೇಶವಿರಲಿಲ್ಲ, ಮುಚ್ಚಿಡಬೇಕೆಂದೂ ಅಲ್ಲ. ಕೆಂಪು ಬಾಯಿಯನ್ನು ವೈದ್ಯರಿಗೆ ತೋರಿಸಬಾರದೆಂದು ಚೆನ್ನಾಗಿ ಮುಕ್ಕಳಿಸಿ ಹೋಗಿದ್ದೆ, ಅದು ಕೂಡ ಮರ್ಯಾದೆಗೆ ಮಾಡಿದ್ದು. ಅವರು ಕೇಳಿದ್ದು ಚಟದ ವಿಚಾರ. ನನ್ನ ಮನೆಯ ಲೆಕ್ಕದಲ್ಲಿ ನನಗೆ ಯಾವ ಚಟವೂ ಇರಲಿಲ್ಲ. ಊಟವಾದ ಮೇಲೆ ಏನು ಹಾಕಿಕೊಳ್ಳುತ್ತೀರಿ ಎಂದು ಕೇಳಿದ್ದರೆ ಕಡ್ಡಿಪುಡಿಯನ್ನೂ ಸೇರಿಸಿ ಹೇಳಿಬಿಡುತ್ತಿದ್ದೆ. ಅವರು ವಿಟಮಿನ್ ಮಾತ್ರೆ ಬರೆದುಕೊಟ್ಟರು. ನಾನು ಮಾತ್ರೆಯನ್ನೂ ನುಂಗಿದೆ, ಎಲೆ ಅಡಿಕೆಯನ್ನೂ ಹಾಕಿದೆ. ಬಿಟ್ಟುಬಿಡಬೇಕಾಗಿದ್ದ ವರ್ಷಗಳೆಲ್ಲ ಹೀಗೆ ಕಳೆದುಹೋದವು. ಕೊನೆಗೆ ಇನ್ನೊಬ್ಬ ವೈದ್ಯರು ಮೂರು ಬೆರಳು ಜೋಡಿಸಿ ಹಲ್ಲುಗಳ ನಡುವೆ ನಿಲ್ಲಿಸಿ ಎಂದರು. ಎರಡೂ ಹೋಗಲಿಲ್ಲ.

ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದರು. ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ಬಿಗಿಯುತ್ತದೆ, ಬಿಗಿದದ್ದು ಪೂರ್ತಿ ಸಡಿಲವಾಗುವುದಿಲ್ಲ. ಇದರ ಮುಖ್ಯ ಕಾರಣ ಅಡಿಕೆ. ಹೊಗೆಸೊಪ್ಪು ಸೇರಿದರೆ ಬಾಯಿ ಕ್ಯಾನ್ಸರಿನ ಅಪಾಯ ಇನ್ನೂ ಹೆಚ್ಚು. ಅಡಿಕೆ ಬೆಳೆಗಾರರಿಗೆ ಬೇಸರವಾಗಬಹುದು, ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಬರಿಯ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದೇ ಹೇಳಿದೆ. ನಾನೀಗ ಮುದ್ದೆಯನ್ನು ಗೋಲಿಯಷ್ಟು ಮುರಿದು, ಖಾರವಿಲ್ಲದ ಸಾರಿನಲ್ಲಿ ಅದ್ದಿ, ಬೆರಳಿನಿಂದ ಒಳಗೆ ತಳ್ಳಿಕೊಳ್ಳುತ್ತೇನೆ.

ಹಾಗಾಗಿ 'ಮನೆಯಲ್ಲಿ ಯಾರೂ ಸೇದುವುದಿಲ್ಲ' ಎಂಬ ಮಾತಿನಿಂದ ನನಗೆ ಸಮಾಧಾನವಾಗುವುದಿಲ್ಲ. 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಹೆಂಗಸರಲ್ಲಿ ಸೇದುವವರು ಶೇ 2ರಷ್ಟು ಮಾತ್ರ, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ 12.8. ಗೆಳೆಯರಿಂದ ಏನೂ ಆಗುವುದಿಲ್ಲ ಎನ್ನುತ್ತಿಲ್ಲ. ಆದರೆ ಅಜ್ಜಿಯ ಸಂಚಿಯಲ್ಲಿ ದಿನಾ ಕಂಡದ್ದನ್ನು ಗೆಳೆಯ ಪೊಟ್ಟಣದಲ್ಲಿ ಕೊಟ್ಟರೆ ಹುಡುಗ ಹೆದರುವುದಾದರೂ ಏಕೆ?

ಅತ್ತೆಯವರಿಗೆ ಹೊಗೆಸೊಪ್ಪು ತಂದುಕೊಡುವವರು ಯಾರು? ಮಗನಾದರೆ ಇಂದೇ ನಿಲ್ಲಿಸಿ. ಕರ್ನಾಟಕದಲ್ಲಿ 2025ರಿಂದ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಮಕ್ಕಳಿಗೆ ತಂಬಾಕು ಕೊಡುವುದು ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಜೈಲಾಗುವ ಅಪರಾಧ. ಹಾಗೆಂದು ಸಂಚಿಯನ್ನು ಕಿತ್ತು ಎಸೆಯಬೇಡಿ. ಎಸೆದರೆ ಅವರು ಬಚ್ಚಿಟ್ಟು ಹಾಕುತ್ತಾರೆ, ಗುಟ್ಟಾಗಿ ತಂದುಕೊಡಲು ಮೊಮ್ಮಗನನ್ನೇ ಕರೆಯುತ್ತಾರೆ.

ಮೊದಲು ಅತ್ತೆಯವರ ಬಾಯಿಯನ್ನು ವೈದ್ಯರಿಗೆ ತೋರಿಸಿ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಎಂದು ಒಂದೊಂದನ್ನೂ ಹೆಸರಿಟ್ಟು, ಕೇಳದಿದ್ದರೂ ಹೇಳಿ. ಬಿಡಲು ಮನಸ್ಸು ಮಾಡಿದರೆ 1800-11-2356ಕ್ಕೆ ಕರೆ ಮಾಡಿಸಿ. ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಈ ವಿಷಯವನ್ನು ಸೊಸೆಯಾದ ನೀವು ಎತ್ತಿದರೆ ಅದು ಅತ್ತೆ ಸೊಸೆ ಜಗಳವಾಗಿ ಮುಗಿಯುತ್ತದೆ. ನಿಮ್ಮ ಯಜಮಾನರೇ ತಾಯಿಯ ಪಕ್ಕ ಕೂತು ಹೇಳಲಿ, ಆಸ್ಪತ್ರೆಗೂ ಅವರೇ ಕರೆದುಕೊಂಡು ಹೋಗಲಿ.