ವಿಡಿಯೊ ಕರೆಯಲ್ಲಿ ಆತಂಕಕ್ಕೆ ಥೆರಪಿ: ಖಂಡಿತ ಆಗುತ್ತೆ

ಇಸಿಜಿ ಸರಿಯಿದೆ, ಡಾಕ್ಟರ್ ಆತಂಕ ಅಂದಿದ್ದಾರೆ, ಆದರೂ ರಾತ್ರಿ ಎದೆ ಡವಡವ ಅನ್ನುತ್ತೆ. ವಿಡಿಯೊ ಥೆರಪಿಯಿಂದ ಉಪಯೋಗ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ಆತಂಕಕ್ಕೆ ಹೆಚ್ಚಾಗಿ ಕೊಡುವ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಯೋಚನೆ ಮತ್ತು ನಡವಳಿಕೆಯ ರೀತಿಯನ್ನು ಬದಲಿಸುವ ಮಾತಿನ ಚಿಕಿತ್ಸೆ) ಪರದೆಯ ಮೇಲೂ ಚೆನ್ನಾಗಿಯೇ ನಡೆಯುತ್ತೆ. ಅದು ಬರೀ ಸಮಾಧಾನದ ಮಾತಲ್ಲ. ಎದೆ ಬಡಿದಾಗ "ಹಾರ್ಟ್ ಅಟ್ಯಾಕ್ ಆಗಿಬಿಡುತ್ತೆ" ಅಂತ ಹೊಳೆದದ್ದನ್ನು ಬರೆಸಿ, ಅದಕ್ಕೆ ಆಧಾರ ಏನು ಅಂತ ಥೆರಪಿಸ್ಟ್ ನಿಮ್ಮ ಜೊತೆ ಕೂತು ಪರಿಶೀಲಿಸುತ್ತಾರೆ. ಕೆಲವೊಮ್ಮೆ ನಿಂತಲ್ಲೇ ಓಡಿಸಿ ಬೇಕಂತಲೇ ಎದೆಬಡಿತ ಏರಿಸುತ್ತಾರೆ, ಅದು ತಾನಾಗಿ ಇಳಿಯುವುದನ್ನು ನೀವೇ ನೋಡಲಿ ಅಂತ. ನನ್ನ ಪ್ರಕಾರ ಇಡೀ ಚಿಕಿತ್ಸೆಯ ಜೀವಾಳ ಇದೇ. ಅವರು ಕೊಡುವ ಹೋಂವರ್ಕ್ ಮಾತ್ರ ತಪ್ಪಿಸಬೇಡಿ.

ಥೆರಪಿಸ್ಟ್ ಆರಿಸುವಾಗ, ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಹೌದಾ ಅಂತ ನೇರವಾಗಿ ಕೇಳಿ, ಸಂಕೋಚ ಬೇಡ. ಮನೆಯಲ್ಲಿ ಏಕಾಂತ ಸಿಗಲ್ಲ ಅಂದಿದ್ದೀರಲ್ಲ, ಇಯರ್‌ಫೋನ್ ಹಾಕಿಕೊಂಡು ಟೆರೇಸಿಗೆ ಹೋದರೂ ನಡೆಯುತ್ತೆ.

ದುಡ್ಡಿನ ಚಿಂತೆಯಿದ್ದರೆ ಮೊದಲು ಟೆಲಿ ಮಾನಸ್‌ಗೆ ಫೋನ್ ಮಾಡಿ: 14416. 2022ರಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಏನಾದರೂ ಬಂದರೆ ಮುಂದಿನ ಸೆಷನ್‌ಗೆ ಕಾಯಬೇಡಿ, ಆ ಕ್ಷಣವೇ ಅದೇ ನಂಬರಿಗೆ ಕರೆ ಮಾಡಿ.