ಕಾವಲು ಪಾಳಿ ಇನ್ನೂ ಮುಗಿದಿಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನಲವತ್ತರ ಆಸುಪಾಸಿನ ಮಾಜಿ ಸೈನಿಕರು. ಯುದ್ಧಭೂಮಿಯಿಂದ ಮರಳಿ ಮೂರು ವರ್ಷವಾಗಿತ್ತು. ನಮ್ಮಲ್ಲಿಗೆ ಚಿಕಿತ್ಸೆಗೆ ಬಂದಾಗ ಹೇಳಿಕೊಂಡ ತೊಂದರೆ ಒಂದೇ: "ನಿದ್ದೆ ಬರಲ್ಲ." ಕುರ್ಚಿಯನ್ನು ಗೋಡೆಗೆ ಒತ್ತಿ, ಬಾಗಿಲು ಕಾಣುವಂತೆ ತಿರುಗಿಸಿಕೊಂಡೇ ಕೂತರು. ಉಳಿದದ್ದನ್ನು ಹೆಂಡತಿ ಹೇಳಿದರು. ರಾತ್ರಿ ಎಂಟೊಂಬತ್ತು ಸಲ ಎದ್ದು ಚಿಲಕ ನೋಡುತ್ತಾರೆ. ಶೂಗಳನ್ನು ಲೇಸು ಸಡಿಲಿಸಿ ಮಂಚದ ಪಕ್ಕದಲ್ಲೇ ಇಟ್ಟಿರುತ್ತಾರೆ. ಡೀಸೆಲ್ ಹೊಗೆ ಮೂಗಿಗೆ ಬಡಿದರೆ ಬೆವರುತ್ತಾರೆ. ಒಮ್ಮೆ ಭುಜ ಅಲುಗಿಸಿ ಎಬ್ಬಿಸಹೋದಾಗ ಹೆಂಡತಿಯ ಕುತ್ತಿಗೆಗೇ ಕೈ ಹಾಕಿದ್ದರು. ಅಂದಿನಿಂದ ಬೇರೆ ಕೋಣೆ ಸೇರಿದ್ದರು.

ಆಘಾತದ ಲಕ್ಷಣಗಳನ್ನು ಅಳೆಯುವ, 20 ಪ್ರಶ್ನೆಗಳ ಪಿಸಿಎಲ್-5 ಪಟ್ಟಿಯಲ್ಲಿ 80ಕ್ಕೆ 54 ಬಂತು. 31-33 ದಾಟಿದರೆ ಪಿಟಿಎಸ್‌ಡಿ (ಆಘಾತ ಕಳೆದ ಮೇಲೂ ಕಾಡುವ ಮಾನಸಿಕ ಕಾಯಿಲೆ) ಇದೆಯೇ ಎಂದು ಆಳವಾಗಿ ನೋಡಬೇಕು; ಬರೀ ಅಂಕದಿಂದ ಕಾಯಿಲೆ ತೀರ್ಮಾನವಾಗದು. ಮನೋವೈದ್ಯರು ಮಾತಾಡಿಸಿ ಖಚಿತಪಡಿಸಿದರು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆವು. ಬರುತ್ತಿತ್ತು, ಮನೆಯಲ್ಲಿ ಬಂದೂಕೂ ಇತ್ತು. ಅವರನ್ನು ಒಪ್ಪಿಸಿ ಅದನ್ನು ಅಂದೇ ಮನೆಯಿಂದ ಹೊರಗೆ, ಕಾನೂನಿನ ಪ್ರಕಾರ ಬೇರೆಯವರ ವಶಕ್ಕೆ ಕೊಡಿಸಲಾಯಿತು. ಇದಾಗದೆ ಮುಂದಿನ ಯಾವ ಮಾತಿಗೂ ಅರ್ಥವಿರುತ್ತಿರಲಿಲ್ಲ.

"ನಾನು ಹೇಡಿಯಾದೆ" ಎಂಬುದು ಅವರ ದೊಡ್ಡ ಸಂಕಟ. ಇದೇ ನೋವಿಗೆ ಮೊದಲ ಮಹಾಯುದ್ಧದ ಕಾಲದಲ್ಲಿ 'ಶೆಲ್ ಶಾಕ್' ಎಂದರು. 1980ರಲ್ಲಿ ಪಿಟಿಎಸ್‌ಡಿ ಎಂಬ ಹೆಸರಿನಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಸೇರಿತು. ರಣರಂಗದಲ್ಲಿ ಜೀವ ಉಳಿಸಿದ ಎಚ್ಚರವೇ ಮನೆಯಲ್ಲೂ ಪಾಳಿ ಮುಗಿಸದೆ ನಿಂತಿದೆ ಎಂದು ವಿವರಿಸಿದಾಗ ಮೊದಲ ಸಲ ತಲೆಯೆತ್ತಿ ನೋಡಿದರು.

ಮನೆಯವರಿಗೆ ಕೊಟ್ಟ ಸಲಹೆ: ನಿದ್ದೆಯಲ್ಲಿ ಮೈ ಮುಟ್ಟಬೇಡಿ. ದೂರದಲ್ಲಿ ನಿಂತು ಹೆಸರು ಹಿಡಿದು ಕರೆಯಿರಿ, ದೀಪ ಹಾಕಿ, ಮನೆಯಲ್ಲೇ ಇದ್ದೀರಿ ಎನ್ನಿ. ಅವರಿಗೆ ಹೇಳಿದ್ದು: ಚಿಲಕ ಒಂದೇ ಸಲ, "ಹಾಕಿದೆ" ಎಂದು ಬಾಯಿಬಿಟ್ಟು ಹೇಳಿ ಹಾಕುವುದು. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹಾಸಿಗೆ ಬಿಟ್ಟು ಏಳುವುದು. ರಾತ್ರಿ ಹೇಗೇ ಕಳೆದರೂ ಬೆಳಗ್ಗೆ ಏಳುವ ಹೊತ್ತು ಒಂದೇ. ಮದ್ಯ ಬೇಗ ನಿದ್ದೆ ತರಿಸಿದರೂ ರಾತ್ರಿಯ ಎರಡನೇ ಅರ್ಧವನ್ನು ಕೆಡಿಸುತ್ತದೆ, ಕೆಟ್ಟ ಕನಸು ಆಗಲೇ ಮುತ್ತುತ್ತವೆ. ಆದರೆ ದಿನವೂ ಕುಡಿಯುವವರು ತಟಕ್ಕನೆ ಬಿಟ್ಟರೆ ಫಿಟ್ಸ್ ಬರಬಹುದು. ಇವರ ಕುಡಿತವನ್ನು ವೈದ್ಯರ ಕಣ್ಗಾವಲಿನಲ್ಲೇ ಇಳಿಸಲಾಯಿತು. ವೈದ್ಯರು ಸರ್ಟ್ರಲಿನ್ ಎಂಬ, ಖಿನ್ನತೆ-ಆತಂಕಕ್ಕೆ ಕೊಡುವ ಔಷಧ ಕೊಟ್ಟರು. ಅದರ ಗುಣ ಕಾಣಲು ಕೆಲವು ವಾರ ಬೇಕು, ನಡುವೆ ತಾವಾಗಿ ನಿಲ್ಲಿಸಬಾರದು.

ಭಯ ಇಳಿಸಲು ಮೆಟ್ಟಿಲು ಕಟ್ಟಿದೆವು. ಭಯಕ್ಕೆ 0ಯಿಂದ 100ರವರೆಗೆ ಅಂಕ. 40ರ ಮೆಟ್ಟಿಲು, ಬಾಗಿಲಿಗೆ ಬೆನ್ನು ಹಾಕಿ ಕೂರುವುದು. 80ರದು, ಜನಜಂಗುಳಿಯಲ್ಲಿ ನಿಲ್ಲುವುದು. ಪ್ರತಿ ಸಲವೂ ಅಂಕ ಅರ್ಧಕ್ಕಿಳಿಯುವವರೆಗೆ, ಅಥವಾ ಮುಕ್ಕಾಲು ಗಂಟೆ ಅಲ್ಲೇ ಇರಬೇಕು. ಎರಡನೇ ವಾರ ಕೆಲಸ ಕೆಟ್ಟಿತು. ಭಯ ನೆತ್ತಿಗೇರಿದಾಗಲೇ ಹೊರಬಂದಿದ್ದರು, "ಓಡಿದ್ದಕ್ಕೇ ಬದುಕಿದೆ" ಎಂಬ ಪಾಠವನ್ನೇ ಮೆದುಳು ಮತ್ತೆ ಕಲಿತಿತ್ತು. ಕೆಳಗಿನ ಮೆಟ್ಟಿಲಿಂದ ಮತ್ತೆ ಶುರು ಮಾಡಿದೆವು.

ಆರನೇ ಭೇಟಿಯಲ್ಲಿ ನಿಜವಾದ ಗಾಯ ಹೊರಬಿತ್ತು. ಯುದ್ಧಭೂಮಿಯಲ್ಲಿ ಒಂದು ದಿನ ಜ್ವರವೆಂದು ಗಸ್ತಿನ ಪಾಳಿ ಬದಲಿಸಿಕೊಂಡಿದ್ದರು. ಬದಲಿಗೆ ಹೋದ ಗೆಳೆಯ ನೆಲಬಾಂಬ್ ಸಿಡಿದು ಸತ್ತ. ಇದು ಭಯವಲ್ಲ, ತಪ್ಪಿತಸ್ಥ ಭಾವ, ಮೆಟ್ಟಿಲೇರಿ ಇಳಿಸುವಂಥದ್ದಲ್ಲ. "ನಿನ್ನ ತಪ್ಪೇನಿಲ್ಲ ಬಿಡು" ಎಂದು ಮನೆಯವರು ಪ್ರೀತಿಯಿಂದಲೇ ಅಂದಿದ್ದರು, ಅದೇ ಅವರ ಬಾಯಿ ಕಟ್ಟಿತ್ತು. ಹಾಳೆಯ ಮೇಲೆ ವೃತ್ತ ಬರೆಸಿದೆವು. ಆ ಸಾವಿಗೆ ಕಾರಣವಾದವರನ್ನೆಲ್ಲ ಬರೆದು ಪಾಲು ಹಂಚಬೇಕು, ಸ್ವಂತ ಪಾಲು ಕೊನೆಗೆ. ಬಾಂಬ್ ಹೂತವರು, ದಾರಿ ಆರಿಸಿದವರು, ಪಾಳಿ ಬದಲಿಗೆ ಒಪ್ಪಿದ ಅಧಿಕಾರಿ, ಜ್ವರ. ಬರುವಾಗ ತನ್ನ ಪಾಲು ನೂರಕ್ಕೆ 90 ಎಂದಿದ್ದವರಿಗೆ ಉಳಿದದ್ದು 5. ಆ ಐದನ್ನು ಅಳಿಸಲು ಹೋಗಲಿಲ್ಲ. ಬೆಳಗ್ಗೆ ಅವರಿಗೆ ಗೊತ್ತಿದ್ದುದೇನು, ಸಂಜೆ ಗೊತ್ತಾದದ್ದೇನು ಎಂದು ಎರಡು ಸಾಲಾಗಿ ಬರೆಸಿದೆವು. ಆಮೇಲೆ ಗೆಳೆಯನಿಗೊಂದು ಪತ್ರ. ಮೂರು ಭೇಟಿ ಹಿಡಿಯಿತು, ಗಟ್ಟಿಯಾಗಿ ಓದಿದರು.

ಹನ್ನೆರಡನೇ ಭೇಟಿಗೆ ಪಿಸಿಎಲ್-5 ಅಂಕ 26. ಚಿಲಕ ಒಂದೆರಡು ಸಲ. ಬಾಗಿಲ ಕಡೆ ಮುಖ ಮಾಡಿ ಕೂರುವುದು ಪೂರ್ತಿ ಹೋಗಿಲ್ಲ, ಗೆಳೆಯನ ತಾಯಿಯನ್ನು ನೋಡಲು ಇನ್ನೂ ಹೋಗಿಲ್ಲ. ಆ ಸಾವಿನ ದಿನ ಹತ್ತಿರವಾದಾಗ ಕನಸು ಮರಳಬಹುದೆಂದು, ಅದಕ್ಕೊಂದು ವಾರ ಮುಂಚಿನ ಭೇಟಿಯನ್ನು ಈಗಲೇ ಗೊತ್ತುಮಾಡಲಾಗಿದೆ. ಹೆಂಡತಿಯೂ ಬರುತ್ತಾರೆ.