ಪ್ರತಿಕ್ರಿಯೆ: ಒಂದೇ ಪ್ರಶ್ನೆಪತ್ರಿಕೆಯಲ್ಲಿ ಮೂರು ಸಾಮರ್ಥ್ಯಗಳು

ಪ್ರೌಢಶಾಲೆಯ ಮಕ್ಕಳ ಸಾಹಿತ್ಯ, ವಾದಕೌಶಲ ಮತ್ತು ಗಣಿತವನ್ನು ಎರಡು ಗಂಟೆಯ ಒಂದೇ ಪ್ರಶ್ನೆಪತ್ರಿಕೆಯಲ್ಲಿ ಅಳೆಯಬಹುದೇ ಎಂದು ಕೇಳಿದ್ದೀರಿ. ಅಳೆಯಬಹುದು, ಸಮಯವನ್ನು ಮೂರು ಗಂಟೆಗೆ ಏರಿಸಿದರೆ. ಆದರೆ ಮೂರನ್ನೂ ಕೂಡಿಸಿ ಒಂದೇ ಅಂಕ ಕೊಡಬೇಡಿ. ಲೆಕ್ಕದಲ್ಲಿ ಮುಂದಿದ್ದು ಓದಿನಲ್ಲಿ ಎಡವುವ ಹುಡುಗಿಯ ಕಷ್ಟ ಆ ಮೊತ್ತದಲ್ಲಿ ಮುಚ್ಚಿಹೋಗುತ್ತದೆ.

ಗಣಿತಕ್ಕೆ ಒಂದು ಪ್ರಶ್ನೆ ಹೇಳುತ್ತೇನೆ. ಹೋಗುವಾಗ ಗಂಟೆಗೆ 60 ಕಿ.ಮೀ., ಅದೇ ದಾರಿಯಲ್ಲಿ ಬರುವಾಗ 40 ಕಿ.ಮೀ. ವೇಗ. ‘ಸರಾಸರಿ ವೇಗ 50’ ಎಂದು ಒಬ್ಬ ಬರೆದಿದ್ದಾನೆ, ಅವನು ತಪ್ಪಿದ್ದೆಲ್ಲಿ? ಸರಿಯುತ್ತರ 48, ಆದರೆ ಬರೀ 48 ಎಂದು ಬರೆದವರಿಗೆ ಪೂರ್ಣ ಅಂಕ ಬೇಡ. ನಿಧಾನವಾಗಿ ಬಂದದ್ದರಿಂದ ಮರುಪ್ರಯಾಣಕ್ಕೆ ಹೆಚ್ಚು ಸಮಯ ಹಿಡಿಯಿತು ಎಂದು ವಿವರಿಸಿದ ಮಗುವಿಗೆ ವಿಷಯ ನಿಜವಾಗಿ ದಕ್ಕಿದೆ. ಅಂಥ ಉತ್ತರ ಓದುವುದೇ ಒಂದು ಸಂತೋಷ.

ವಾದಕೌಶಲಕ್ಕೆ ಅರಿಸ್ಟಾಟಲ್ ಗುರುತಿಸಿದ ಮೂರು ನೆಲೆಗಳು ಇಂದಿಗೂ ಸಾಕು: ಮಾತನಾಡುವವರ ವಿಶ್ವಾಸಾರ್ಹತೆ, ಕೇಳುಗರ ಭಾವನೆ, ತರ್ಕ. ಒಂದು ಚಿಕ್ಕ ಭಾಷಣ ಕೊಟ್ಟು, ಯಾವ ವಾಕ್ಯ ಯಾವುದರ ಮೇಲೆ ನಿಂತಿದೆ ಎಂದು ಕೇಳಿ. ನಂತರ ತಾವು ಒಪ್ಪದ ನಿಲುವಿನ ಪರವಾಗಿಯೇ ಒಂದು ಪುಟ ಬರೆಯಲಿ. ಕಂಠಪಾಠ ಮಾಡಿದ ಪ್ರಬಂಧ ಇಲ್ಲಿ ನಡೆಯುವುದಿಲ್ಲ.

ಸಾಹಿತ್ಯಕ್ಕೆ ಪಠ್ಯದಲ್ಲಿಲ್ಲದ ಕವಿತೆ ಕೊಡಿ. ಕವಿಯ ಹುಟ್ಟೂರು, ಕೃತಿಗಳ ಪಟ್ಟಿ ಕೇಳಲೇಬೇಡಿ.

ತಿದ್ದುವಾಗ ಹೆಸರು ಮುಚ್ಚಿಡಿ. ಎಲ್ಲರ ಮೊದಲ ಉತ್ತರವನ್ನು ಮುಗಿಸಿಯೇ ಎರಡನೆಯದಕ್ಕೆ ಹೋಗಿ. ಬರವಣಿಗೆಯ ಉತ್ತರಗಳನ್ನಂತೂ ಇಬ್ಬರು ಶಿಕ್ಷಕರು ಬೇರೆ ಬೇರೆಯಾಗಿ ತಿದ್ದಿ, ಅಂಕಗಳಲ್ಲಿ ಅಂತರ ಬಂದ ಕಡೆ ಕುಳಿತು ಮಾತನಾಡಲಿ.